ಹಿಮ ಕವಿದ ಹಬ್ಬ

ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ಸಿನ ಮರುದಿನಕ್ಕೆ ಬಾಕ್ಸಿಂಗ್ ಡೇ ಎಂದು ಹೆಸರು. ಬಂಧುಗಳನ್ನು ಕಾಣುವುದು, ಊರ ತಂಡದ ಕಾಲ್ಚೆಂಡಾಟ ನೋಡುವುದು ಅಂದಿನ ರೂಢಿ. ಹೊಸ ವರ್ಷ ಹುಟ್ಟಿದೊಡನೆ ಎಫ್.ಎ. ಕಪ್ಪಿನ ಮೂರನೆಯ ಸುತ್ತು. ಸಣ್ಣ ಊರಿನ ತಂಡವು ಹೆಸರಾಂತ ತಂಡವನ್ನು ಎದುರಿಸಬಹುದಾದ ಆ ದಿನವೂ ಅಲ್ಲಿ ಹಬ್ಬವೇ.

1962ರ ಬಾಕ್ಸಿಂಗ್ ಡೇಯಂದು ದಕ್ಷಿಣ ಇಂಗ್ಲೆಂಡಿನಲ್ಲಿ ಹಿಮ ಬೀಳತೊಡಗಿತು. ಡಿಸೆಂಬರ್ 29 ಮತ್ತು 30ರ ಹಿಮಬಿರುಗಾಳಿ ನೈರುತ್ಯದ ಹಳ್ಳಿಗಳ ಸಂಪರ್ಕವನ್ನೇ ಕಡಿಯಿತು. ಕೆಲವೆಡೆ ಹಿಮದ ರಾಶಿ 20 ಅಡಿ ಎತ್ತರಕ್ಕೇರಿತು. ಕುರಿಗಳು ಅದರಡಿಯಲ್ಲಿ ಹೂತುಹೋದವು. 1963ರ ಜನವರಿಯಲ್ಲಿ ಮಧ್ಯ ಇಂಗ್ಲೆಂಡಿನ ಸರಾಸರಿ ಉಷ್ಣತೆ ಸೊನ್ನೆಗಿಂತ 2.1 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. 1814ರ ಜನವರಿಯ ಬಳಿಕ ಅಷ್ಟು ಶೀತಲವಾದ ತಿಂಗಳನ್ನು ಆ ನಾಡು ಕಂಡಿರಲಿಲ್ಲ.

ಜನವರಿ 5ರಂದು ನಡೆಯಬೇಕಿದ್ದ 32 ಕಪ್ ಪಂದ್ಯಗಳಲ್ಲಿ ನಡೆದವು ಮೂರೇ. ಆ ಸುತ್ತು ಮುಗಿದದ್ದು ಮಾರ್ಚ್ 11ರಂದು. ಪಂದ್ಯಗಳ ಫಲವನ್ನು ಊಹಿಸಿ ವಾರವಾರವೂ ಹಣ ಕಟ್ಟುವ ‘ಪೂಲ್ಸ್’ ಎಂಬ ಪಂಥವೂ ಇದರಿಂದ ನಿಂತಿತು. ಆಗ ಅದನ್ನು ನಡೆಸುವವರು ಒಂದು ಉಪಾಯ ಹೂಡಿದರು. ಜನವರಿ 26ರಂದು ಲಾರ್ಡ್ ಬ್ರೆಬಜನ್ನರ ಅಧ್ಯಕ್ಷತೆಯಲ್ಲಿ, ಟಾಮ್ ಫಿನ್ನಿಯಂಥ ಹಿರಿಯ ಆಟಗಾರರಿದ್ದ ಮಂಡಲಿಯೊಂದು ಲಂಡನ್ನಿನಲ್ಲಿ ಕುಳಿತು, ಆಡದ ಪಂದ್ಯಗಳಿಗೂ ಫಲಿತಾಂಶವನ್ನು ಸಾರಿತು!

ಇದರ ಹಿಂದೆ ವ್ಯಾಪಾರದ ಲೆಕ್ಕವಿತ್ತು, ನಿಜ. ಆದರೆ ಜನ ಒಪ್ಪದಿದ್ದರೆ ಅದು ನಡೆಯುತ್ತಿರಲಿಲ್ಲ. ಶನಿವಾರದ ಸಂಜೆ ಫಲಿತಾಂಶಕ್ಕಾಗಿ ಕಾಯುವುದು ಮನೆಮನೆಯ ಅಭ್ಯಾಸವಾಗಿತ್ತು. ಮೈದಾನ ಹೆಪ್ಪುಗಟ್ಟಿತೆಂದು ಅದನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಮಾರ್ಚ್ ಮೊದಲ ವಾರ ಹಿಮ ಕರಗಿತು. ಆಪತ್ತಿಗೆಂದು ಹೂಡಿದ ಆ ಮಂಡಲಿ ಮಾತ್ರ ಮುಂದಿನ ಚಳಿಗಾಲಗಳಿಗೂ ಉಳಿದು, ತಾನೇ ಒಂದು ಸಂಪ್ರದಾಯವಾಯಿತು.