ಒಂದು ತಳಹದಿ, ನಾಲ್ಕು ಕಾರು

ಮೋಟಾರು ಕಾರಿಗೂ ಕನ್ನಡ ಮೇಷ್ಟರಿಗೂ ಎಲ್ಲಿಯ ನಂಟು ಎಂದು ಓದುಗರು ಕೇಳಿಯಾರು. ರಾಘವಾಂಕನೂ ಲಕ್ಷ್ಮೀಶನೂ ವಾರ್ಧಕ ಷಟ್ಪದಿಯಲ್ಲಿ ಕಾವ್ಯ ಬರೆದರು. ಆದರೂ ಒಬ್ಬನನ್ನು ಓದುತ್ತ ಇನ್ನೊಬ್ಬನೆಂದು ಯಾರೂ ಭ್ರಮಿಸುವುದಿಲ್ಲ. ಕಟ್ಟು ಒಂದೇ ಆದಾಗ ತನ್ನತನ ಉಳಿದೀತೇ ಎಂಬ ಇದೇ ಪ್ರಶ್ನೆ 1978ರಲ್ಲಿ ಸ್ವೀಡನ್ನಿನ ಸಾಬ್ ಕಂಪನಿಯ ಎದುರು ನಿಂತಿತು.

ವಿಮಾನ ಕಟ್ಟುತ್ತಿದ್ದ ಸಾಬ್, 1949ರಿಂದಲೂ ಮುಂದಿನ ಚಕ್ರಗಳು ಎಳೆಯುವ ಕಾರುಗಳನ್ನೇ ತಯಾರಿಸುತ್ತಿತ್ತು. ನಮ್ಮಲ್ಲಿ ಓಡಾಡಿದ ಫಿಯೆಟ್ ಪದ್ಮಿನಿಯನ್ನು ನೆನೆದುಕೊಳ್ಳಿ: ಎಂಜಿನ್ ಮುಂದೆ, ನೂಕುವ ಚಕ್ರ ಹಿಂದೆ. ನಡುವಣ ದಂಡಕ್ಕಾಗಿ ಒಳನೆಲದಲ್ಲಿ ಒಂದು ಉಬ್ಬು. ಹಿಂದಿನ ಸೀಟಿನ ನಡುವೆ ಕೂತವನ ಕಾಲಿಗೆ ಅದೇ ಶನಿ. ಎಂಜಿನ್ನನ್ನು ಅಡ್ಡಲಾಗಿ ಇಟ್ಟು ಮುಂಚಕ್ರಗಳಿಗೇ ಬಲ ಕೊಟ್ಟರೆ ಆ ದಂಡ ಬೇಕಿಲ್ಲ, ಸಂಸಾರಕ್ಕೆ ಜಾಗ ಉಳಿಯುತ್ತದೆ. ಆದರೆ ಅಂಥ ದೊಡ್ಡ ಕಾರನ್ನು ಒಬ್ಬಂಟಿಯಾಗಿ ರೂಪಿಸುವ ಖರ್ಚು ಸಣ್ಣ ಸಂಸ್ಥೆಗೆ ಭಾರ. ಇಟಲಿಯ ಫಿಯೆಟ್ ಸಂಗಡ ಒಪ್ಪಂದವಾಯಿತು. ಹೀಗೆ ಹುಟ್ಟಿದ 'ಟೈಪ್ ಫೋರ್' ತಳಹದಿಯ ಮೇಲೆ 1984ರಲ್ಲಿ ಸಾಬ್ 9000 ಮತ್ತು ಲ್ಯಾನ್ಸಿಯಾ ಥೀಮಾ, 1985ರಲ್ಲಿ ಫಿಯೆಟ್ ಕ್ರೋಮಾ, 1987ರಲ್ಲಿ ಆಲ್ಫಾ ರೋಮಿಯೋ 164 ಎದ್ದುನಿಂತವು. ಮೊದಲ ಮೂರರ ರೂಪದಲ್ಲಿ ಜ್ಯುಜಾರೊ ಎಂಬ ಇಟಲಿಯ ಶಿಲ್ಪಿಯ ಕೈಯಿತ್ತು. ಆಲ್ಫಾದ್ದು ಪಿನಿನ್‌ಫರೀನಾ ಮನೆಯ ಕೆಲಸ.

ನನ್ನ ಮನಸ್ಸನ್ನು ಹಿಡಿದದ್ದು ಮಾತ್ರ ಬಾಗಿಲಿನ ಸಂಗತಿ. ನೋಡುವುದಕ್ಕೆ ಸಾಬ್‌ನ ಬಾಗಿಲೂ ಥೀಮಾದ ಬಾಗಿಲೂ ಅಣ್ಣತಮ್ಮಂದಿರು. ಆದರೆ ಒಂದು ಕಾರಿನದು ಇನ್ನೊಂದಕ್ಕೆ ಕೂರದು. ಪಕ್ಕದಿಂದ ಬಂದು ಅಪ್ಪಳಿಸುವ ಹೊಡೆತವನ್ನು ತಡೆಯಬೇಕೆಂದು ಸ್ವೀಡನ್ನಿನವರು ತಮ್ಮ ಬಾಗಿಲನ್ನು ಹೆಚ್ಚು ಬಲಪಡಿಸಿದ್ದರು. ಮುಂಭಾಗವನ್ನೂ ಗಟ್ಟಿಮಾಡಿದರು. ಅವರ ರಸ್ತೆಗಳಲ್ಲಿ ಮೂಸ್ ಎಂಬ, ಕುದುರೆಯನ್ನೂ ಮೀರಿಸುವ ಜಿಂಕೆ ಅಡ್ಡ ಬರುತ್ತದೆ. ಅಪಘಾತದ ಭಯ ಅವರಿಗೆ ಪುಸ್ತಕದ ಮಾತಲ್ಲ. ಖರ್ಚು ಉಳಿಸಲು ಕೂಡಿಕೊಂಡವರು ಉಳಿಸಿದ್ದರಲ್ಲಿ ಒಂದಿಷ್ಟನ್ನು ಹೀಗೆ ಕಳೆದುಕೊಂಡರೆಂದು ಲೆಕ್ಕಿಗರು ನಕ್ಕಾರು. ನಾನು ನಗಲಾರೆ. ಲ್ಯಾನ್ಸಿಯಾದವರು ಥೀಮಾದ ಒಂದು ಬಗೆಗೆ ಫೆರಾರಿಯ ಎಂಟು ಸಿಲಿಂಡರಿನ ಎಂಜಿನ್ನನ್ನೇ ತೊಡಿಸಿದರಲ್ಲ! ಅವರವರ ಹಂಬಲ ಅವರವರಿಗೆ.

ಸಾಬ್ 9000 ತಯಾರಿಕೆ 1998ರಲ್ಲಿ ಮುಗಿಯಿತು. ಅಷ್ಟರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಾಬ್ ಕಾರು ಸಂಸ್ಥೆಯ ಅರ್ಧ ಪಾಲು ಕೊಂಡಿತ್ತು. ಮುಂದಿನ ಕಾರುಗಳು ಓಪೆಲ್ ತಳಹದಿಯ ಮೇಲೆ ಬಂದವು. 2011ರ ಡಿಸೆಂಬರಿನಲ್ಲಿ ಸಂಸ್ಥೆ ದಿವಾಳಿಯಾಯಿತು. ಕಾರಣಗಳು ಹಲವು, ಆ ಬಾಗಿಲುಗಳ ಮೇಲೆ ಅದನ್ನು ಹೊರಿಸಲು ನನಗಂತೂ ಮನಸ್ಸಿಲ್ಲ.