ಅಡಗಿದ್ದು ಯಾರ ಕಣ್ಣಿಗೆ? ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳ ಐವತ್ತು ವರ್ಷ

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಕಾಳಗ ಜೋರಾಗಿ ನಡೆಯುತ್ತಿರುವಾಗ ಯಾರಾದರೊಬ್ಬರು ‘ನಾನು ಅಡಗಿಕೊಳ್ತೀನಿ’ ಅಂದರೆ ಸಾಕು, ಆಟ ನಿಂತು ವಾದ ಶುರುವಾಗುತ್ತದೆ. ಕತ್ತಿಯೇಟಿಗೆ, ಬಾಣದ ದೂರಕ್ಕೆ, ಮಂತ್ರದ ಅವಧಿಗೆ ಲೆಕ್ಕವಿದೆ. ಅಡಗುವುದು ಮಾತ್ರ ಎದುರಾಳಿಯ ತಲೆಯೊಳಗಿನ ಸಂಗತಿ. ಅವನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ಆಟದ ವಿನ್ಯಾಸಕಾರರು ಐವತ್ತು ವರ್ಷಗಳಿಂದ ಕೊಡುತ್ತ ಬಂದ ಉತ್ತರಗಳನ್ನು ಸಾಲಾಗಿ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಕಳ್ಳ ಎಷ್ಟು ಚೆನ್ನಾಗಿ ಅಡಗಿದ ಎಂದು ಅಳೆಯಲು ಹೋದ ನಿಯಮಗಳು ಪದೇ ಪದೇ ಮುಗ್ಗರಿಸಿವೆ. ಯಾರಿಗೆ ಏನು ಗೊತ್ತಾಗಿದೆ ಎಂದು ಬಿಡಿಸಿ ಹೇಳಿದ ನಿಯಮಗಳು ಕೆಲಸಕ್ಕೆ ಬಂದಿವೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೂರು ಪುಟ್ಟ ಪುಸ್ತಕಗಳಲ್ಲಿ ಆಟಗಾರರ ಪಾತ್ರ ಅಡಗುವುದಕ್ಕೆಂದೇ ಒಂದು ದಾಳವಿರಲಿಲ್ಲ. ಇದ್ದದ್ದು ‘ಸರ್‌ಪ್ರೈಸ್’: ಆರು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ಆ ಪಕ್ಷ ಬೆಚ್ಚಿಬಿದ್ದಂತೆ. ಉಳಿದದ್ದೆಲ್ಲ ಬಾಯಿಮಾತು. ಪೀಪಾಯಿಯ ಹಿಂದೆ ಕೂತೆ ಎಂದು ಆಟಗಾರ ಹೇಳಬೇಕು, ಕಾಣಿಸಿತೋ ಇಲ್ಲವೋ ಎಂದು ಆಟ ನಡೆಸುವ ಡಂಜನ್ ಮಾಸ್ಟರ್ ತೀರ್ಮಾನಿಸಬೇಕು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿದ್ದ ಏರೋ ಹಾಬೀಸ್ ಅಂಗಡಿಯ ಬಳಗದವರು ಆಡುತ್ತಿದ್ದ ಕಳ್ಳನ ಪಾತ್ರದ ಸುದ್ದಿ ಗೈಗ್ಯಾಕ್ಸ್ ಕಿವಿಗೆ ಬಿತ್ತು. 1975ರ ‘ಗ್ರೇಹಾಕ್’ ಪುರವಣಿಯಲ್ಲಿ ಥೀಫ್ ಎಂಬ ವರ್ಗ ಸೇರಿಕೊಂಡಿತು. ನೆರಳಲ್ಲಿ ಅಡಗುವುದು, ಸದ್ದಿಲ್ಲದೆ ನಡೆಯುವುದು ಎರಡಕ್ಕೂ ಅಲ್ಲಿ ಶೇಕಡಾವಾರು ಅಂಕಿ ಬಂತು.

ತೊಡಕು ಅಲ್ಲಿಂದಲೇ ಆರಂಭ. 1978ರ ಅಡ್ವಾನ್ಸ್‌ಡ್ ಆವೃತ್ತಿಯ ಪ್ಲೇಯರ್ಸ್ ಹ್ಯಾಂಡ್‌ಬುಕ್ ಪ್ರಕಾರ ಮೊದಲ ಹಂತದ ಕಳ್ಳ ಸದ್ದಿಲ್ಲದೆ ನಡೆಯುವ ಸಾಧ್ಯತೆ ಶೇ. 15, ನೆರಳಲ್ಲಿ ಅಡಗುವ ಸಾಧ್ಯತೆ ಶೇ. 10. ಕಾವಲುಗಾರನ ಬೆನ್ನ ಹಿಂದೆ ಬರಲು ಎರಡೂ ಬೇಕು ಎಂದು ಡಂಜನ್ ಮಾಸ್ಟರ್ ಹಟ ಹಿಡಿದರೆ ಉಳಿಯುವುದು ಶೇ. 1.5. ಹೀಗೆ ಓದಿದರೆ ಕಳ್ಳತನವೇ ಕಸುಬಾದವನು ಆಟದಲ್ಲೇ ಅತ್ಯಂತ ಅಸಹಾಯಕ. ಹಳೆಯ ಶೈಲಿಯ ಆಟವನ್ನು ಮತ್ತೆ ಎತ್ತಿಹಿಡಿದವರು ಮುಂದಿಟ್ಟ ಓದು ಬೇರೆ, ನನಗೂ ಅದೇ ಸರಿ ಅನ್ನಿಸುತ್ತದೆ: ಗೋಡೆ, ಪೊದೆ, ಪೀಪಾಯಿಗಳ ಮರೆಯಲ್ಲಿ ಯಾರು ಬೇಕಾದರೂ ಅಡಗಬಹುದು, ಬರೀ ನೆರಳೇ ಮರೆಯಾಗುವುದು ಕಳ್ಳನಿಗೆ ಮಾತ್ರ, ಆ ಅಸಾಧಾರಣ ಕೆಲಸಕ್ಕೆ ಈ ಅಂಕಿ. ನೋಡುತ್ತಿರುವವರ ಕಣ್ಣೆದುರಲ್ಲೇ ಅಡಗಲು ಸಾಧ್ಯವಿಲ್ಲ ಎಂಬುದರಲ್ಲಿ ಗೈಗ್ಯಾಕ್ಸ್‌ಗೆ ಸಂದೇಹವೇ ಇರಲಿಲ್ಲ. ಯಾರಾದರೂ ಪಟ್ಟು ಹಿಡಿದರೆ ದಾಳ ಉರುಳಿಸಿ, ಆದರೆ ಏನು ಬಿತ್ತೆಂದು ನೋಡುವ ಗೋಜಿಗೆ ಹೋಗಬೇಡಿ ಎಂದು 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಬರೆದರು.

1978ರಲ್ಲೇ ಬಂದ ರೂನ್‌ಕ್ವೆಸ್ಟ್ ಎಂಬ ಬೇರೊಂದು ಆಟ ಅಡಗುವುದನ್ನು ಎಲ್ಲರೂ ಕಲಿಯಬಹುದಾದ ಕೌಶಲ ಮಾಡಿತು. 1989ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2ನೇ ಆವೃತ್ತಿ ಹೊಸ ಕಳ್ಳನ ಕೈಗೆ 60 ಅಂಕ ಕೊಟ್ಟು ಬೇಕಾದಂತೆ ಹಂಚಿಕೋ ಅಂದಿತು. ಅದಕ್ಕಿಂತ ಮುಖ್ಯವಾದ ವಿಷಯ, ಅಲ್ಲಿ ದಾಳವನ್ನು ಡಂಜನ್ ಮಾಸ್ಟರ್ ಗುಟ್ಟಾಗಿ ಉರುಳಿಸುತ್ತಿದ್ದರು. ತಾನು ಅಡಗಿದ್ದೇನೆ ಎಂದು ಕಳ್ಳ ನಂಬುತ್ತಾನೆ. ನಿಜವೇನೆಂದು ಪಂಜಿನ ಬೆಳಕು ಮುಖಕ್ಕೆ ಬಿದ್ದಾಗಲೇ ತಿಳಿಯುತ್ತದೆ. ಆ ಎದೆಬಡಿತವನ್ನು ಮುಂದಿನ ಆವೃತ್ತಿಗಳು ಸುಮ್ಮನೆ ಕೈಬಿಟ್ಟವು ಎಂಬುದು ನನಗೆ ಈಗಲೂ ಬೇಸರದ ಸಂಗತಿ.

2000ದಲ್ಲಿ ಬಂದ 3ನೇ ಆವೃತ್ತಿಯ ವಿನ್ಯಾಸಕಾರರು ಜೊನಾಥನ್ ಟ್ವೀಟ್, ಮಾಂಟೆ ಕುಕ್, ಸ್ಕಿಪ್ ವಿಲಿಯಮ್ಸ್. ಅವರ ಕಾಲಕ್ಕೆ ಎಲ್ಲವೂ ಪೈಪೋಟಿಯಾಯಿತು. ನೆಲಮಾಳಿಗೆಯೊಂದರಲ್ಲಿ ಕಳ್ಳ ಬಿಲ್ಲು ಹಿಡಿದು ಕಂಬದ ಹಿಂದೆ ನಿಂತಿದ್ದಾನೆ, ಮೂವತ್ತು ಅಡಿ ಆಚೆ ಕಾವಲುಗಾರ ಇದ್ದಾನೆ ಎಂದುಕೊಳ್ಳಿ. ಕಳ್ಳನ ‘ಹೈಡ್’ ಎದುರು ಕಾವಲುಗಾರನ ‘ಸ್ಪಾಟ್’, ‘ಮೂವ್ ಸೈಲೆಂಟ್ಲಿ’ ಎದುರು ‘ಲಿಸನ್’: ಒಬ್ಬನಿಗಾಗಿ ನಾಲ್ಕು ಸಲ ದಾಳ ಉರುಳಬೇಕು. ಹತ್ತು ಅಡಿಗೆ ಒಂದರಂತೆ ಕಾವಲುಗಾರನಿಗೆ ಮೂರು ಅಂಕ ಕಡಿತ. ಬಾಣ ಬಿಟ್ಟು ತಕ್ಷಣ ಮತ್ತೆ ಅಡಗುತ್ತೇನೆ ಎಂದರೆ 3.5 ಪರಿಷ್ಕರಣೆಯಲ್ಲಿ ಕಳ್ಳನಿಗೆ 20 ಅಂಕ ಕಡಿತ. ಇಪ್ಪತ್ತು ಮುಖದ ದಾಳದಲ್ಲಿ ಅದು ಹೆಚ್ಚುಕಡಿಮೆ ಆಗದು ಎಂದಷ್ಟೇ ಅರ್ಥ. ಒಟ್ಟಿಗೆ ನುಸುಳಲು ಹೊರಟ ತಂಡದ ಪಾಡು ಇನ್ನೂ ಕಷ್ಟ. ನಾಲ್ವರಲ್ಲಿ ಪ್ರತಿಯೊಬ್ಬರಿಗೂ ಶೇ. 70 ಅವಕಾಶವಿದ್ದರೂ ನಾಲ್ವರೂ ದಾಟುವ ಸಾಧ್ಯತೆ ಶೇ. 24. ಲೆಕ್ಕ ಪಕ್ಕಾ ಆಯಿತು, ಆದರೆ ಕಬ್ಬಿಣದ ಅಂಗಿ ತೊಟ್ಟವರಿರುವ ತಂಡಗಳು ನುಸುಳುವ ಆಸೆಯನ್ನೇ ಬಿಡಬೇಕಾಯಿತು.

2008ರ 4ನೇ ಆವೃತ್ತಿ ನಾಲ್ಕು ಕೌಶಲಗಳನ್ನು ಎರಡಕ್ಕಿಳಿಸಿ, ಕಾವಲುಗಾರನ ಕಡೆ ದಾಳದ ಬದಲು ‘ಪ್ಯಾಸಿವ್ ಪರ್ಸೆಪ್ಶನ್’ ಎಂಬ ಸ್ಥಿರ ಸಂಖ್ಯೆ ಇಟ್ಟಿತು. ಇದು ದೊಡ್ಡ ಉಪಕಾರ. ಆದರೆ ಕಾಳಗದಲ್ಲಿ ಯಾವಾಗ ಅಡಗಬಹುದು ಎಂಬ ಭಾಗ ಎಷ್ಟು ಸಡಿಲವಾಗಿತ್ತೆಂದರೆ, ಪುಸ್ತಕ ಬಂದ ಸ್ವಲ್ಪ ದಿನಗಳಲ್ಲೇ ಅದನ್ನು ಹೊಸದಾಗಿ ಬರೆಯಬೇಕಾಯಿತು. ಅಡಗಲು ಗಟ್ಟಿ ಮರೆ ಬೇಕು, ಅಡಗಿದ ಮೇಲೆ ಉಳಿಯಲು ಸಣ್ಣ ಮರೆಯೂ ಸಾಕು ಎಂಬ ಭೇದ ಆಗ ಬಂತು. ಮುಂದೆ ಬಂದ ಎಲ್ಲ ಚರ್ಚೆಗೂ ಇದು ಬುನಾದಿ ಎಂದು ನಾನು ತಿಳಿಯುತ್ತೇನೆ.

2014ರ 5ನೇ ಆವೃತ್ತಿ ಹಗ್ಗವನ್ನು ಮತ್ತೆ ಡಂಜನ್ ಮಾಸ್ಟರ್ ಕೈಗೆ ಕೊಟ್ಟಿತು. ಅಡಗಲು ಸಂದರ್ಭ ತಕ್ಕದ್ದೋ ಅಲ್ಲವೋ ಎಂದು ನಿರ್ಧರಿಸುವುದು ಅವರೇ ಎಂಬ ವಾಕ್ಯವನ್ನು ತಿದ್ದುಪಡಿಯಾಗಿ ಸೇರಿಸಿದರು. ಕಾಣುತ್ತಿರುವವನಿಂದ ಅಡಗಲಾಗದು ಎಂದಿದ್ದದ್ದು ‘ಸ್ಪಷ್ಟವಾಗಿ’ ಕಾಣುತ್ತಿರುವವನಿಂದ ಎಂದಾಯಿತು. ಕಂಬದ ಹಿಂದಿನ ಕಳ್ಳನಿಗೆ ಈಗ ಸುಗ್ಗಿ. ಕೌಶಲದಿಂದ ದಾಳಕ್ಕೆ 7 ಸೇರುತ್ತದೆ, ಸಾಧಾರಣ ಕಾವಲುಗಾರನ ಸ್ಥಿರ ಸಂಖ್ಯೆ 12. ದಾಳದಲ್ಲಿ 6 ಬಿದ್ದರೆ ಸಾಕು. ಎರಡನೇ ಹಂತದಿಂದ ಪ್ರತಿ ಸುತ್ತಿನಲ್ಲೂ ಬೋನಸ್ ಆಕ್ಷನ್ ಎಂಬ ಹೆಚ್ಚುವರಿ ನಡೆಯಲ್ಲಿ ಅಡಗಿ, ಇಣುಕಿ ಬಾಣ ಬಿಟ್ಟು, ಮತ್ತೆ ಅದೇ ಕಂಬದ ಹಿಂದೆ ಸರಿಯಬಹುದು. ಅದೇ ಕಂಬದಿಂದ ಮೂರನೇ ಸಲವೂ ಕಾವಲುಗಾರ ಬೆಚ್ಚಬೇಕೇ? ಬೇಡ ಎನ್ನುವವರು ಕಡಿತ ಹಾಕುತ್ತಾರೆ. ಕಳ್ಳನ ಕಸುಬೇ ಅದು, ಅಡಗಿ ಹೊಡೆದಾಗ ಸಿಗುವ ಹೆಚ್ಚುವರಿ ಪೆಟ್ಟು ಅವನ ಊಟ ಎನ್ನುವವರು ಬಿಟ್ಟುಬಿಡುತ್ತಾರೆ. ಎರಡು ಮೇಜುಗಳಲ್ಲಿ ಒಂದೇ ಪಾತ್ರ ಎರಡು ಬೇರೆ ಬಲ ಹೊಂದಿರುವುದು ಹೀಗೆ.

ಪಾಥ್‌ಫೈಂಡರ್ ಎಂಬ ಇನ್ನೊಂದು ಆಟದ 2019ರ 2ನೇ ಆವೃತ್ತಿ ಈ ಗಂಟನ್ನು ಬಿಡಿಸಿದ ರೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅಲ್ಲಿ ಕಳ್ಳನ ಸ್ಥಿತಿ ಒಂದಲ್ಲ, ನೋಡುವವರು ಎಷ್ಟು ಮಂದಿಯೋ ಅಷ್ಟು. ಒಬ್ಬ ಕಾವಲುಗಾರನಿಗೆ ಅವನು ಕಾಣುತ್ತಿದ್ದಾನೆ. ಇನ್ನೊಬ್ಬನಿಗೆ ಕಾಣುತ್ತಿಲ್ಲ, ಆದರೆ ಕಂಬದ ಹಿಂದೆ ಇದ್ದಾನೆಂದು ಗೊತ್ತು. ಇವನಿಗೆ ಕಳ್ಳ ‘ಹಿಡನ್’, ಗುರಿಯಿಟ್ಟು ಹೊಡೆಯಬೇಕಾದರೆ ಮೊದಲು ದಾಳದಲ್ಲಿ 11 ಅಥವಾ ಹೆಚ್ಚು ಬೀಳಬೇಕು. ಮೂರನೆಯವನಿಗೆ ಯಾರೋ ಇದ್ದಾರೆಂದು ಗೊತ್ತು, ಎಲ್ಲೆಂದು ಗೊತ್ತಿಲ್ಲ. ಅವನಿಗೆ ‘ಅನ್‌ಡಿಟೆಕ್ಟೆಡ್’, ಅವನು ಚೌಕ ಊಹಿಸಿ ಕತ್ತಿ ಬೀಸಬೇಕು. ಯಾರೂ ಇಲ್ಲವೆಂದೇ ನಂಬಿದವನಿಗೆ ‘ಅನ್‌ನೋಟಿಸ್ಡ್’. ಅಡಗುವ ದಾಳವನ್ನು ಆಟ ನಡೆಸುವವರು ಗುಟ್ಟಾಗಿ ಉರುಳಿಸುವ ಪದ್ಧತಿಯೂ ಇಲ್ಲಿ ಮರಳಿ ಬಂತು. ಕಲಿಯಲು ಸ್ವಲ್ಪ ತ್ರಾಸವಿದೆ, ಒಪ್ಪುತ್ತೇನೆ. ಕಲಿತ ಮೇಲೆ ಜಗಳಕ್ಕೆ ಉಳಿಯುವ ಜಾಗ ತೀರಾ ಕಡಿಮೆ.

ಜಾನ್ ಹಾರ್ಪರ್ ಅವರ 2017ರ ‘ಬ್ಲೇಡ್ಸ್ ಇನ್ ದ ಡಾರ್ಕ್’ ಆಟ ಇಡೀ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು. ಅಲ್ಲಿ ಕಾವಲಿನ ಎಚ್ಚರ ಗಡಿಯಾರದ ಹೋಳುಗಳಂತೆ ತುಂಬುತ್ತ ಹೋಗುತ್ತದೆ, ಒಂದು ತಪ್ಪು ಹೆಜ್ಜೆಗೆ ಕಥೆ ಮುಗಿಯುವುದಿಲ್ಲ. ಕಳ್ಳರ ಕಥೆಗೆ ಅದು ಚೆನ್ನ. ಚೌಕ ಚೌಕವಾಗಿ ನಡೆಯುವ ಕಾಳಗಕ್ಕೆ ಒಗ್ಗುವುದಿಲ್ಲ.

2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಡಂಜನ್ ಮಾಸ್ಟರ್ ಹೆಗಲಿನ ಭಾರ ಇಳಿಸಲು ಹೊರಟಿತು. ದಟ್ಟ ಕತ್ತಲು ಅಥವಾ ಮುಕ್ಕಾಲು ಮರೆಯಾದರೂ ಇರಬೇಕು, ಯಾವ ಶತ್ರುವಿನ ನೋಟಕ್ಕೂ ಬೀಳಬಾರದು, ಮೊತ್ತ 15 ಮುಟ್ಟಬೇಕು. ನಮ್ಮ ಕಳ್ಳನಿಗೆ ಶೇ. 65 ಅವಕಾಶ. ಗೆದ್ದರೆ ಮಂತ್ರದಿಂದ ಮಾಯವಾದವನಿಗೆ ಸಿಗುವ ‘ಇನ್‌ವಿಸಿಬಲ್’ ಸ್ಥಿತಿಯೇ ಇವನಿಗೂ. ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದರೆ, ಆಕ್ರಮಣ ಮಾಡಿದರೆ, ಬಾಯಲ್ಲಿ ಮಂತ್ರ ಹೇಳಿದರೆ, ಶತ್ರು ಪತ್ತೆ ಹಚ್ಚಿದರೆ ಅದು ಮುಗಿಯುತ್ತದೆ. ಮರೆಯಿಂದ ಬಯಲಿಗೆ ಬಂದರೆ ಮುಗಿಯುತ್ತದೆ ಎಂದು ಆ ಪಟ್ಟಿಯಲ್ಲಿಲ್ಲ. ಅಕ್ಷರಕ್ಕೆ ಜೋತುಬಿದ್ದವರು ಕಾವಲುಗಾರನ ಮೂಗಿನ ಮುಂದೆಯೇ ನಡೆದುಹೋಗುತ್ತಾರೆ. ಅದೇ ಜಾಡಿನಲ್ಲಿ, ಅದೃಶ್ಯರನ್ನು ಕಾಣಿಸುವ ಮಂತ್ರ ಹಾಕಿಕೊಂಡವನಿಗೆ ಪೊದೆಯಲ್ಲಿ ಅಡಗಿದವನೂ ಸಲೀಸಾಗಿ ಕಾಣಬೇಕಾಗುತ್ತದೆ. ನನ್ನ ಓದು ಇದು: ನಡುವೆ ಏನೂ ಅಡ್ಡವಿಲ್ಲದೆ ನೋಡಿದವನು ಪತ್ತೆ ಹಚ್ಚಿದಂತೆಯೇ, ಅದಕ್ಕೆ ದಾಳ ಬೇಡ, ಪೊದೆಗೆ ಮಂತ್ರ ನಾಟುವುದಿಲ್ಲ, ಪೊದೆ ಪೊದೆಯೇ.

ಇಷ್ಟು ಸರಿಪಡಿಸಿಕೊಂಡರೂ ಒಂದು ಕೊರತೆ ಉಳಿಯುತ್ತದೆ, ಅದು ನಿಯಮದ ಅಡಿಪಾಯದಲ್ಲೇ ಇದೆ. ಒಬ್ಬ ಶತ್ರು ಕಂಡುಹಿಡಿದ ಕ್ಷಣ ಎಲ್ಲರ ಪಾಲಿಗೂ ಆ ಸ್ಥಿತಿ ಕಳಚಿಬೀಳುತ್ತದೆ. ಗೋಡೆಯಾಚೆ ನಿಂತು ಏನನ್ನೂ ನೋಡದ ಎರಡನೇ ಕಾವಲುಗಾರ, ಗೆಳೆಯನ ಕೂಗು ಕೇಳಿ ಅರ್ಧ ಮಾತ್ರ ತಿಳಿದವನು, 2024ರ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಈಗ ಆಡುತ್ತಿರುವ ಡಂಜನ್ ಮಾಸ್ಟರ್‌ಗಳು ಅವನನ್ನು ಪಾಥ್‌ಫೈಂಡರ್‌ನಿಂದ ಎರವಲು ತಂದುಕೊಳ್ಳಬೇಕಾಗಿದೆ.