ಚಾಲೆಂಜರ್ ಬೇಕಾ, ಸಿವಿಕ್ ಸಾಕಾ?

2011ರಲ್ಲಿ ಪ್ರಾಜೆಕ್ಟ್ ಮೇಲೆ ಡೆಟ್ರಾಯಿಟ್ ಹತ್ತಿರ ಇದ್ದೆ. ಅಲ್ಲಿ ಕಾರಿಲ್ಲದೆ ಹಾಲು ತರೋಕೂ ಆಗಲ್ಲ. ಸೆಕೆಂಡ್ ಹ್ಯಾಂಡ್ ಕಾರು ಹುಡುಕುವಾಗ ಎರಡು ಕಣ್ಣಿಗೆ ಬಿದ್ದವು: ಕಿತ್ತಳೆ ಬಣ್ಣದ ಡಾಡ್ಜ್ ಚಾಲೆಂಜರ್, ಬೂದು ಬಣ್ಣದ ಹೋಂಡಾ ಸಿವಿಕ್. ಮನಸ್ಸು ಮೊದಲನೆಯದರ ಕಡೆ, ಜೇಬು ಎರಡನೆಯದರ ಕಡೆ. ಹಿಂದೆ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯ ಸಹೋದ್ಯೋಗಿಯ ಹತ್ತಿರ ಹೇಳಿದೆ. ಅವರು ನಗಲಿಲ್ಲ. "ಹೊರಗಿನ ಗಾಡೀನಾ? ಅದೂ ಈ ಊರಲ್ಲಿ?" ಅಂದರು.

ಆ ಪ್ರಶ್ನೆ ತಲೆಯಲ್ಲೇ ಉಳೀತು. ಹಳೆಯದನ್ನೆಲ್ಲ ಓದತೊಡಗಿದೆ.

ಮಸಲ್ ಕಾರಿನ ಸೂತ್ರ ಸರಳ: ಮಧ್ಯಮ ಗಾತ್ರದ ಸಾಧಾರಣ ಕಾರಿಗೆ ದೊಡ್ಡ ಕಾರಿನ ವಿ8 ಎಂಜಿನ್ ಕೂರಿಸೋದು. ಆ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟಾರ್ಸ್ ಒಳಗೇ ನಿಯಮವಿತ್ತು. ಪಾಂಟಿಯಾಕ್‌ನ ಜಾನ್ ಡಿಲೋರಿಯನ್ ತಂಡ 1964ರ ಮಾಡೆಲ್‌ಗೆ 389 ಘನ ಇಂಚಿನ ಎಂಜಿನ್ನನ್ನು 'ಬೇಕಾದವರಿಗೆ ಹೆಚ್ಚುವರಿ' ಅಂತ ಸೇರಿಸಿ ಆ ನಿಯಮದಿಂದ ನುಣುಚಿಕೊಂಡಿತು. ಅದೇ ಜಿಟಿಒ. ತಮಾಷೆ ನೋಡಿ, ಅಪ್ಪಟ ಅಮೆರಿಕನ್ ಅನ್ನಿಸಿಕೊಂಡ ಕಾರಿನ ಹೆಸರು ಇಟಲಿಯ ಫೆರಾರಿಯಿಂದ ಎಗರಿಸಿದ್ದು.

1970ರಲ್ಲಿ ಷೆವೆಲ್ ಎಸ್‌ಎಸ್ 454ರ ಶಕ್ತಿ 450 ಅಶ್ವಶಕ್ತಿ ಮುಟ್ಟಿತು. ಆಮೇಲೆ ಇಳಿಜಾರು. ಇದಕ್ಕೆ ಜಪಾನೇ ಕಾರಣ ಅಂದ್ಕೊಂಡಿದ್ದೆ. ಅಲ್ಲ. ಮೊದಲು ವಿಮೆ ಕಂಪನಿಗಳು ಇಂಥ ಕಾರುಗಳ ಪ್ರೀಮಿಯಂ ಏರಿಸಿದವು. 1970ರ ಕ್ಲೀನ್ ಏರ್ ಆಕ್ಟ್ ಹೊಗೆಗೆ ಮಿತಿ ಹಾಕಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದ ಮೇಲಂತೂ ಬಂಕ್‌ಗಳ ಮುಂದೆ ಉದ್ದುದ್ದ ಸಾಲು. ಅಮೆರಿಕದಲ್ಲಿ ಮಾರಿದ 1974ರ ಮಸ್ಟಾಂಗ್‌ಗೆ ವಿ8 ಎಂಜಿನ್ನೇ ಇರಲಿಲ್ಲ. ಜಿಟಿಒ ಆ ವರ್ಷಕ್ಕೇ ನಿಂತುಹೋಯಿತು. ಹೊಗೆಯ ನಿಯಮ ಪಾಲಿಸೋದು ಕಷ್ಟ ಅಂತ ಡೆಟ್ರಾಯಿಟ್ ಗೊಣಗುತ್ತಿದ್ದಾಗ, ಹೋಂಡಾ ತನ್ನ ಸಿವಿಸಿಸಿ ಎಂಜಿನ್ನಿನ ಸಿವಿಕ್‌ನಲ್ಲಿ ಕೆಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಅದನ್ನು ಪಾಲಿಸಿ ತೋರಿಸಿತು.

1979ರಲ್ಲಿ ತೈಲದ ಎರಡನೇ ಏಟು. ಕ್ರೈಸ್ಲರ್ ಉಳಿಸೋಕೆ ಸರ್ಕಾರ 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. 1981ರಲ್ಲಿ ಜಪಾನು ವರ್ಷಕ್ಕೆ 16.8 ಲಕ್ಷ ಕಾರಿಗಿಂತ ಹೆಚ್ಚು ಕಳಿಸಲ್ಲ ಅಂತ ಒಪ್ಪಿಕೊಂಡಿತು. ಕೆಲಸ ಹೋದವರ ಸಿಟ್ಟು ಮಾತ್ರ ಇಳಿಯಲಿಲ್ಲ.

1982ರ ಜೂನ್. ಮದುವೆಗೆ ಕೆಲವೇ ದಿನ ಬಾಕಿಯಿದ್ದ 27 ವರ್ಷದ ವಿನ್ಸೆಂಟ್ ಚಿನ್ ಗೆಳೆಯರ ಜೊತೆ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್‌ನ ಕ್ಲಬ್ಬಿಗೆ ಹೋಗಿದ್ದ. ಅಲ್ಲಿ ಜಗಳವಾಯಿತು. ಕ್ರೈಸ್ಲರ್‌ನ ಒಬ್ಬ ಸೂಪರ್‌ವೈಸರ್, ಕಾರು ಉದ್ಯಮದಲ್ಲೇ ಕೆಲಸ ಕಳೆದುಕೊಂಡಿದ್ದ ಅವನ ಮಲಮಗ, ಇಬ್ಬರೂ ಸೇರಿ ಅವನನ್ನು ಹುಡುಕಿ ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದರು. ನಾಲ್ಕು ದಿನಕ್ಕೆ ಸತ್ತ. 'ನಿಮ್ಮಿಂದಲೇ ನಮಗೆ ಕೆಲಸ ಇಲ್ಲ' ಅನ್ನೋ ಅರ್ಥದ ಬೈಗುಳ ಕೇಳಿದ್ದಾಗಿ ಸಾಕ್ಷಿಯೊಬ್ಬರು ಹೇಳಿದರು. ಚಿನ್ ಜಪಾನಿನವನೇ ಅಲ್ಲ, ಚೀನೀ ಮೂಲದ ಅಮೆರಿಕನ್. ಕೊಂದವರಿಗೆ ಸಿಕ್ಕಿದ್ದು ಮೂರು ವರ್ಷ ಪ್ರೊಬೇಷನ್, 3,000 ಡಾಲರ್ ದಂಡ. ಜೈಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನನ್ನ ಮುಖವೂ ಆ ಊರಿಗೆ ಹೊರಗಿನದೇ.

ಅದೇ ವರ್ಷ ನವೆಂಬರ್‌ನಲ್ಲಿ ಓಹಾಯೋದ ಮೇರಿಸ್‌ವಿಲ್‌ನಲ್ಲಿ ಹೋಂಡಾ ತನ್ನ ಮೊದಲ ಅಮೆರಿಕನ್ ಅಕಾರ್ಡ್ ತಯಾರಿಸಿತು.

ಶನಿವಾರ ಮತ್ತೆ ಹೋಗಿ ಎರಡೂ ಕಾರಿನ ನಂಬರ್ ನೋಡಿದೆ. ಲೈಸೆನ್ಸ್ ಪ್ಲೇಟಿನದಲ್ಲ, ಬಾಗಿಲ ಚೌಕಟ್ಟಿನ ಮೇಲಿರೋ 17 ಅಕ್ಷರದ ವಿಐಎನ್. ಮೊದಲನೆಯದು 1 ಇದ್ದರೆ ಕಾರು ಅಮೆರಿಕದಲ್ಲಿ ತಯಾರಾದದ್ದು, 2 ಇದ್ದರೆ ಕೆನಡಾದಲ್ಲಿ, ಜೆ ಇದ್ದರೆ ಜಪಾನಿನಲ್ಲಿ. ಚಾಲೆಂಜರ್‌ದು 2. ಸಿವಿಕ್‌ದು 1.

ಸಿವಿಕ್ ತಗೊಂಡೆ. ಸೋಮವಾರ ಆ ಹಿರಿಯರಿಗೆ ಗೆದ್ದವನ ಹಾಗೆ ಹೇಳಿದೆ: "ನನ್ನ ಕಾರೇ ಅಮೆರಿಕದ್ದು, ಚಾಲೆಂಜರ್ ಕೆನಡಾದ್ದು."

"ಗೊತ್ತು," ಅಂದರು. "ಆದ್ರೆ ಕೆನಡಾದ ಆ ಕಾರ್ಖಾನೇಲಿ ಯೂನಿಯನ್ ಇದೆ. ಓಹಾಯೋದ ಹೋಂಡಾದಲ್ಲಿ ಇಲ್ಲ."